ಗಂಡಿನ ಜೊತೆ ಬಂದ ಕಾಗದ

ಸೆಪ್ಟೆಂಬರ್ ೧೪

ಅಕ್ಕನಿಗೆ ನಮಸ್ಕಾರ.

ನಾಳೆ ಬೆಳಿಗ್ಗೆ ಗಾಡಿ ಹೊರಡುತ್ತದೆ. ಬೀಜದ ಗಂಡುಹಂದಿ ಹೊರಟರೆ ಅದರ ಜೊತೆ ಕೈಬರಹದ ಕಾಗದವೂ ಹೊರಡಬೇಕು ಎಂಬುದು ಅಪ್ಪ ಹಾಕಿಕೊಟ್ಟ ಪದ್ಧತಿ. ಎರಡು ವರ್ಷಕ್ಕೊಮ್ಮೆ, ಒಂದು ಸಲ ನಿನ್ನ ದೊಡ್ಡಿಯಿಂದ ನನ್ನ ದೊಡ್ಡಿಗೆ, ಮುಂದಿನ ಸಲ ನನ್ನಲ್ಲಿಂದ ನಿನ್ನಲ್ಲಿಗೆ. ಈ ಸಲ ನನ್ನ ಸರದಿ. ನಾವಿಬ್ಬರೂ ಮಾತು ಬಿಟ್ಟು ಎಂಟು ತಿಂಗಳಾಯಿತು, ನಿಜ. ಆದರೆ ಹಂದಿಗಳಿಗೂ ನಮ್ಮ ಜಗಳಕ್ಕೂ ಸಂಬಂಧವಿಲ್ಲ. ಒಂದೇ ರಕ್ತ ಒಂದೇ ದೊಡ್ಡಿಯಲ್ಲಿ ಸುತ್ತಬಾರದು, ಅಷ್ಟೆ.

ವಯಸ್ಸು ಹತ್ತು ತಿಂಗಳು. ತಾಯಿ, ನನ್ನ ಚುಕ್ಕೆ ಹಂದಿ. ತಂದೆ, ನಾನು ತಳಿ ಕೇಂದ್ರದಿಂದ ತಂದಿದ್ದ ಗಂಡು. ಹುಟ್ಟಿದಾಗ ಜೊತೆಯಲ್ಲಿದ್ದ ಮರಿಗಳು ಹತ್ತು. ಕಾಲು ನೆಟ್ಟಗಿದೆ, ಗೊರಸು ಸಮ. ಮೊಲೆ ಎರಡೂ ಕಡೆ ಏಳೇಳು, ಒಟ್ಟು ಹದಿನಾಲ್ಕು. ಗಂಡಿನ ಮೊಲೆ ಯಾರು ಎಣಿಸುತ್ತಾರೆ ಎಂದು ನನ್ನ ಗಂಡ ನಗುತ್ತಾರೆ. ಗಂಡಿಗೆ ಎಷ್ಟೋ ಅದರ ಹೆಣ್ಣುಮರಿಗಳಿಗೂ ಅಷ್ಟೇ ಎಂದು ಅಪ್ಪ ಹೇಳುತ್ತಿದ್ದುದನ್ನು ಅವರಿಗೆ ಎಷ್ಟು ಸಲ ವಿವರಿಸಲಿ.

ಎರಡು ವಾರ ಬೇರೆ ಇಟ್ಟು ನೋಡಿ ಆಮೇಲೆ ಹೆಣ್ಣುಗಳ ಹತ್ತಿರ ಬಿಡು.

ಇಂತಿ,
ತಂಗಿ

ಸೆಪ್ಟೆಂಬರ್ ೩೦

ಪುಟ್ಟೀ,

ನಿನ್ನ ಗಂಡು ಬಂದು ಸೇರಿತು. ಗಾಡಿಯಿಂದ ಇಳಿದವನೇ ನೀರಿನ ತೊಟ್ಟಿ ಮಗುಚಿ, ನನ್ನ ಮಗನ ಕಾಲು ತುಳಿದು, ದೊಡ್ಡಿಗೆಲ್ಲ ತಾನೇ ಯಜಮಾನ ಎನ್ನುವ ಹಾಗೆ ನಿಂತ. ಅವನಿಗೆ ಸಾಹೇಬ ಎಂದು ಹೆಸರಿಟ್ಟಿದ್ದೇನೆ. ಹೆಣ್ಣುಗಳು ಬೇಲಿಯ ಆ ಕಡೆಯಿಂದಲೇ ಮೂಗು ಚಾಚುತ್ತಿವೆ.

ಫೋನ್ ಮಾಡೋಣ ಎಂದುಕೊಂಡೆ. ನಿನ್ನ ದನಿ ಕೇಳಿದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಕೆಟ್ಟ ಮಾತನ್ನು ಹೊಡೆದು ಹಾಕಬಹುದು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ನಾನಾಡಿದ ಮಾತನ್ನು ಹೊಡೆದು ಹಾಕಲು ಆಗುವುದಿಲ್ಲವಲ್ಲ. ನಿನ್ನ ದೊಡ್ಡಿಗೆ ಜ್ವರ ಬಂದು ಹಂದಿಗಳು ಸತ್ತಿದ್ದ ತಿಂಗಳು, ಎಲ್ಲರ ಮುಂದೆ, ನಿನ್ನ ಕೈಯಲ್ಲಿ ಜೀವ ಉಳಿಯಲ್ಲ ಎಂದುಬಿಟ್ಟೆ. ಅಪ್ಪ ಹೋದ ಸಂಕಟದಲ್ಲಿ ಬಂದ ಮಾತು. ಹಾಗೆಂದರೆ ನಾನು ತಪ್ಪು ಒಪ್ಪಿಕೊಂಡೆ ಎಂದುಕೊಳ್ಳಬೇಡ. ಸಂಕಟ ಇತ್ತು ಎಂದೆ, ಅಷ್ಟೆ.

ಮಗನಿಗೆ ಮದುವೆಯಾಯಿತು. ನಿನಗೆ ಹೇಳಿಕಳಿಸಿದ್ದೆ, ನೀನು ಬರಲಿಲ್ಲ. ಸೊಸೆ ಮೊದಲು ಬಟ್ಟೆ ಹೊಲಿಯುತ್ತಿದ್ದವಳು. ಹಂದಿ ಕಂಡರೆ ಮೂಗು ಮುಚ್ಚುತ್ತಾಳೆ ಎಂದುಕೊಂಡಿದ್ದೆ. ಇಲ್ಲ, ಸೆರಗು ಸಿಕ್ಕಿಸಿ ಬಂದು ನಿಲ್ಲುತ್ತಾಳೆ. ಅವಳಿಗೆ ಎಲ್ಲವನ್ನೂ ಅಳೆಯುವ, ಎಣಿಸುವ ಚಟ. ಬೆದೆಗೆ ಬಂದ ದಿನ, ಗಂಡಿಗೆ ಬಿಟ್ಟ ದಿನ, ಮರಿ ಹಾಕಬೇಕಾದ ದಿನ, ಎಲ್ಲವೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ. ಗಬ್ಬಕ್ಕೆ ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ನಾನು ಬಾಯಲ್ಲೇ ಹೇಳಿದರೆ ಅವಳು ಬೆರಳು ಮಡಿಚಿ ಸರಿ ನೋಡುತ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಇನ್ನೂ ಮುಗಿದಿಲ್ಲ ಎಂದು ಅವಳಿಗೆ ಹೇಳಿದ್ದೇನೆ.

ಬೇಕಾದರೆ ಬರೆ.

ನಿನ್ನ ಅಕ್ಕ

ಫೆಬ್ರುವರಿ ೧೯

ಪುಟ್ಟೀ,

ನಾಲ್ಕೂವರೆ ತಿಂಗಳಾಯಿತು, ನೀನು ಒಂದು ಸಾಲೂ ಬರೆಯಲಿಲ್ಲ. ಇರಲಿ. ನನಗೆ ಈಗ ಕೇಳಲು ಬೇರೆ ಯಾರೂ ಇಲ್ಲ, ಅಪ್ಪ ಇದ್ದಿದ್ದರೆ ಅವರನ್ನು ಕೇಳುತ್ತಿದ್ದೆ.

ಸಾಹೇಬನ ಮರಿಗಳು ಹುಟ್ಟಲು ಶುರುವಾಗಿವೆ. ಮೊದಲು ನಮ್ಮ ಹಳೆಯ ತಾಯಿಹಂದಿ ಮುದುಕಿಯ ಹಿರಿಯ ಮಗಳು ಹಾಕಿದಳು. ಯಾವಾಗಲೂ ಹನ್ನೊಂದು ಹಾಕುವವಳು ಏಳು ಹಾಕಿದಳು. ಎರಡು ಹುಟ್ಟುತ್ತಲೇ ಸತ್ತಿದ್ದವು. ಒಂದಕ್ಕೆ ಮಲ ಹೋಗುವ ದಾರಿಯೇ ಇರಲಿಲ್ಲ. ಗಿಣ್ಣು ಹಾಲು ಕುಡಿದು ಹೊಟ್ಟೆ ಊದಿಕೊಂಡು ಮೂರನೇ ದಿನ ಹೋಯಿತು. ಆಮೇಲೆ ಇನ್ನೊಬ್ಬಳು ಹಾಕಿದಳು, ಎಂಟು. ಅದರಲ್ಲಿ ಎರಡಕ್ಕೆ ಹಿಂಗಾಲು ನೆಲದ ಮೇಲೆ ಎರಡು ಕಡೆಗೆ ಜಾರಿ ಹೋಗುತ್ತಿದ್ದವು, ಏಳಲಾಗುತ್ತಿರಲಿಲ್ಲ, ಮೊಲೆ ಮುಟ್ಟಲಾಗುತ್ತಿರಲಿಲ್ಲ. ಸೊಸೆ ತನ್ನ ಹೊಲಿಗೆ ಪೆಟ್ಟಿಗೆಯಿಂದ ಪಟ್ಟಿ ತಂದು ಹಿಂಗಾಲುಗಳನ್ನು ಹತ್ತಿರ ಬರುವಂತೆ ಎಂಟರ ಆಕಾರದಲ್ಲಿ ಕಟ್ಟಿದಳು. ಎರಡು ಗಂಟೆಗೊಮ್ಮೆ ಎತ್ತಿ ಮೊಲೆಗೆ ಹಿಡಿದಳು. ಒಂದು ನಾಲ್ಕನೇ ದಿನಕ್ಕೆ ಎದ್ದು ನಿಂತಿತು. ಇನ್ನೊಂದು ತಾಯಿಯ ಮೈಯಡಿ ಸಿಕ್ಕಿ ಸತ್ತಿತು.

ಉಳಿದವು ಬೆಳೆಯುತ್ತಿಲ್ಲ. ಚೀಲಕ್ಕೆ ಹಾಕಿ ತೂಗಿದರೆ ಹೋದ ವರ್ಷದ ಮರಿಗಳ ಅರ್ಧವೂ ಇಲ್ಲ. ಹೊಕ್ಕುಳ ಹತ್ತಿರ ಒಂದಕ್ಕೆ ನಿಂಬೆಹಣ್ಣಿನಷ್ಟು ಊದಿದೆ. ದನದ ಡಾಕ್ಟರು ಬಂದು ತೌಡು ಮೂಸಿ ನೋಡಿದರು, ಬೂಷ್ಟು ಹಿಡಿದಿದೆಯೇನೋ ಎಂದರು. ಗಂಡು ಎಲ್ಲಿಯದು ಎಂದು ಕೇಳಿದರು. ನನ್ನ ತಂಗಿಯದು, ಕಾಗದ ಇದೆ ಎಂದೆ. ಹಾಗಾದರೆ ಅದು ಸರಿ ಎಂದು ಬಿಟ್ಟರು.

ನನಗೆ ಸೊಸೆಯ ಮೇಲೆ ಅನುಮಾನ. ಹಂದಿಗಳ ಅಂಕಣ ತೊಳೆಯುವ ಔಷಧಿಯನ್ನು ಅವಳು ಜಾಸ್ತಿ ಸುರಿಯುತ್ತಾಳೆ. ಕೇಳಿದರೆ ಡಬ್ಬಿಯ ಮೇಲೆ ಬರೆದಷ್ಟೇ ಹಾಕಿದೆ ಎಂದು ಡಬ್ಬಿ ತಂದು ತೋರಿಸುತ್ತಾಳೆ. ಏನಿರಬಹುದು ಹೇಳು. ಮಾತು ಬಿಟ್ಟಿದ್ದರೂ ಇದಕ್ಕೆ ಉತ್ತರ ಬರೆ.

ಅಕ್ಕ

ಫೆಬ್ರುವರಿ ೨೬
(ಈ ಕಾಗದ ಅಂಚೆಗೆ ಬೀಳಲಿಲ್ಲ)

ಅಕ್ಕಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನದು ಸೀದು ಹೋಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಕಳ್ಳ ಎಂದು ಯಾರನ್ನೂ ಕರೆದಿಲ್ಲ, ನಾನು ಆಗಲೇ ಹೆಗಲು ಒರೆಸಿಕೊಳ್ಳುತ್ತಿದ್ದೇನೆ.

ಸಾಹೇಬ ನನ್ನ ಚುಕ್ಕೆಯ ಮಗನಲ್ಲ. ಅಪ್ಪ ಹೋಗುವ ಮೊದಲು ನೀನು ನನಗೆ ಗಬ್ಬದ ಹೆಣ್ಣೊಂದನ್ನು ಕೊಟ್ಟಿದ್ದೆಯಲ್ಲ, ನಿನ್ನ ಮುದುಕಿಯ ಮಗಳು, ನಿನ್ನದೇ ಗಂಡಿನಿಂದ ಗಬ್ಬವಾದವಳು. ಅವಳು ಇಲ್ಲಿ ಹಾಕಿದ ಮರಿ ಅದು. ಆ ಮರಿಗಳೆಲ್ಲ ಜ್ವರಕ್ಕೆ ಹೋದವು ಎಂದು ನಿನಗೆ ಹೇಳಿದ್ದೆ. ಒಂದು ಉಳಿದಿತ್ತು. ನಿನಗೆ ಕೊಡಲು ಬೆಳೆಸಿದ್ದ ಮೂರು ಗಂಡುಗಳು ಒಂದೇ ವಾರದಲ್ಲಿ ಸತ್ತವು. ನನ್ನ ಹತ್ತಿರ ಗಂಡು ಇಲ್ಲ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕೈಯಲ್ಲಿ ಜೀವ ಉಳಿಯಲ್ಲ ಎಂದವಳಿಗೆ ಆ ಸಾಲು ಹೇಗೆ ಬರೆಯಲಿ?

ನಿನ್ನ ದೊಡ್ಡಿಯ ಮಗನನ್ನೇ ನಿನ್ನ ದೊಡ್ಡಿಗೆ ಕಳಿಸಿದೆ. ಅವನು ಅಕ್ಕತಂಗಿಯರನ್ನೂ ದೊಡ್ಡಮ್ಮ ಚಿಕ್ಕಮ್ಮಂದಿರನ್ನೂ ಕೂಡಿದ್ದಾನೆ. ಮರಿಗಳು ಹಾಗೆ ಹುಟ್ಟುವುದು ಅದಕ್ಕೆ. ತೌಡಲ್ಲ, ಔಷಧಿಯಲ್ಲ, ನಿನ್ನ ಸೊಸೆಯಲ್ಲ. ಒಂದು ಸುತ್ತು ಒಂದೇ ರಕ್ತ ಕೂಡಿದರೆ ಏನಾಗುತ್ತದೆ, ಎಲ್ಲರಿಗೂ ಹೀಗೇ ಆಗುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ನಾಳೆ ಇದನ್ನು ಹಾಕುತ್ತೇನೆ.

ಪುಟ್ಟಿ

ಫೆಬ್ರುವರಿ ೨೭

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಓದಿ ಬೇಜಾರಾಯಿತು. ತೌಡಿನ ಚೀಲಗಳನ್ನೆಲ್ಲ ಬಿಸಿಲಿಗೆ ಸುರಿದು ನೋಡು, ಬೂಷ್ಟು ಕಂಡರೆ ಎಸೆದುಬಿಡು. ಮೂರನೇ ದಿನ ಮರಿಗಳಿಗೆ ರಕ್ತ ಹೆಚ್ಚಲು ಕೊಡುವ ಕಬ್ಬಿಣಾಂಶದ ಸೂಜಿ ತಪ್ಪಿಸಬೇಡ. ಮರಿಗಳ ಮೂಲೆ ಬೆಚ್ಚಗಿರಲಿ, ದೀಪ ಇನ್ನೂ ಒಂದು ಗೇಣು ಕೆಳಗೆ ಇಳಿಸು. ತಾಯಿ ಮಗುಚುವ ಕಡೆ ಅಡ್ಡಗಂಬಿ ಹಾಕಿಸು. ಕೆಲವು ವರ್ಷ ಹೀಗಾಗುತ್ತದೆ, ನನ್ನಲ್ಲೂ ಆಗಿದೆ.

ಗಂಡಿಗೆ ಸ್ವಲ್ಪ ದಿನ ವಿಶ್ರಾಂತಿ ಕೊಡುವುದು ಒಳ್ಳೆಯದು.

ನಿನ್ನ ಸೊಸೆ ಹೊಸಬಳು. ಹಂದಿಯ ಕೆಲಸಕ್ಕೆ ಕೈ ಪಳಗಬೇಕಲ್ಲವೇ? ಗೋಡೆಯ ಮೇಲೆ ಬರೆದ ಮಾತ್ರಕ್ಕೆ ಮರಿ ಬದುಕುವುದಿಲ್ಲ.

ಇಂತಿ,
ತಂಗಿ

ಮಾರ್ಚ್ ೨೨

ಪುಟ್ಟೀ,

ನೀನು ಹೇಳಿದ್ದೆಲ್ಲ ಮಾಡಿದೆ. ತೌಡು ಬಿಸಿಲಿಗೆ ಸುರಿದೆ, ಒಂದು ಎಳೆ ಬೂಷ್ಟು ಕಾಣಲಿಲ್ಲ. ದೀಪ ಇಳಿಸಿದೆ. ಕಂಬಿ ಹಾಕಿಸಿದೆ. ಮೂರನೆಯವಳು ಆರು ಹಾಕಿದಳು, ಉಳಿದದ್ದು ಎರಡು.

ಆ ದಿನ ನನಗೆ ತಲೆ ಕೆಟ್ಟಿತ್ತು. ಅಂಕಣದಲ್ಲಿ ಸೊಸೆ ಸತ್ತ ಮರಿಗಳನ್ನು ಒಂದು ಸಾಲಿನಲ್ಲಿ ಮಲಗಿಸಿ ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದಳು. ನೋಡಿ ನನಗೆ ಮೈ ಉರಿಯಿತು. ನಿನ್ನ ಕಾಗದ ತಂದು, ಕೈ ಪಳಗಬೇಕು ಎಂದು ನೀನು ಬರೆದ ಸಾಲನ್ನು ಅವಳಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋಗಿ, ಸೆಪ್ಟೆಂಬರಿನಲ್ಲಿ ಗಂಡಿನ ಜೊತೆ ಬಂದ ಕಾಗದ ಹಿಡಿದುಕೊಂಡು ಬಂದಳು.

"ಅತ್ತೆ, ಇದರಲ್ಲಿ ಮೊಲೆ ಹದಿನಾಲ್ಕು ಅಂತಿದೆ. ಸಾಹೇಬನಿಗೆ ಇರೋದು ಹದಿಮೂರು. ಬಲಗಡೆ ಮೂರನೇದು ಇಲ್ಲ, ನಮ್ಮ ಮುದುಕಿಗೂ ಇಲ್ಲ, ಅವಳ ಮಕ್ಕಳಿಗೂ ಇಲ್ಲ. ಇವನು ಚಿಕ್ಕತ್ತೆ ಮನೆಯೋನಲ್ಲ, ನಮ್ಮನೆಯೋನೇ."

ನಾನು ಏನೆಂದೆ ಗೊತ್ತೇ? ನನ್ನ ತಂಗಿ ನನ್ನ ಮೂಗು ಬೇಕಾದರೆ ಕೊಯ್ದಾಳು, ಗಂಡಿನ ಕಾಗದದಲ್ಲಿ ಸುಳ್ಳು ಬರೆಯುವವಳಲ್ಲ ಎಂದೆ. ಅಪ್ಪ ಕಲಿಸಿದ ಕೈ ಅದು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನ್ನ ತಪ್ಪಿಗೆ ನಮ್ಮ ತವರಿನ ಮೇಲೆ ಗೂಬೆ ಕೂರಿಸಬೇಡ ಎಂದೆ. ಇನ್ನೂ ಅಂದೆ, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೊನೆಗೆ ನಿನ್ನ ತವರಿಗೆ ಹೋಗು ಎಂದೆ. ಹೋದಳು. ಹೊಲಿಗೆ ಯಂತ್ರವನ್ನೂ ಆಟೋದಲ್ಲಿ ಹಾಕಿಕೊಂಡು ಹೋದಳು, ಅಂದರೆ ಬರುವ ಮನಸ್ಸಿಲ್ಲ. ಮಗ ಊಟದ ಹೊತ್ತಿಗೆ ನನ್ನ ಎದುರು ಕೂರುವುದಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ ಹೊರಗೆ ಉಣ್ಣುತ್ತಾನೆ.

ಮೊದಲ ಎರಡು ಸೂಲಿನಲ್ಲಿ ಉಳಿದ ಹೆಣ್ಣುಮರಿಗಳಲ್ಲಿ ಮೂರನ್ನು ತಳಿಗೆ ಇಟ್ಟುಕೊಳ್ಳುತ್ತೇನೆ. ದೊಡ್ಡವಾದ ಮೇಲೆ ಸಾಹೇಬನಿಗೇ ಬಿಡುತ್ತೇನೆ. ನಿನ್ನ ಕಾಗದದ ಮೇಲೆ ನನಗೆ ಅಷ್ಟು ನಂಬಿಕೆ.

ನಿನ್ನ ಅಕ್ಕ

ಏಪ್ರಿಲ್ ೨

ಅಕ್ಕಾ,

ಆ ಮರಿಗಳನ್ನು ಸಾಹೇಬನಿಗೆ ಬಿಡಬೇಡ. ನಿನ್ನ ಸೊಸೆ ಹೇಳಿದ್ದು ನಿಜ. ಒಂದಕ್ಷರವೂ ಸುಳ್ಳಲ್ಲ.

ಅವನು ನೀನು ಕೊಟ್ಟ ಹೆಣ್ಣಿನ ಮಗ. ಜ್ವರಕ್ಕೆ ನನ್ನ ಗಂಡುಗಳೆಲ್ಲ ಹೋಗಿದ್ದವು, ಅವನೊಬ್ಬ ಉಳಿದಿದ್ದ. ಕಾಗದ ಬರೆಯುವ ಮೊದಲು ಅವನ ಮೊಲೆ ಎಣಿಸಿದೆ, ಹದಿಮೂರು ಬಂತು. ಇನ್ನೊಮ್ಮೆ ಎಣಿಸಿದೆ. ಆಮೇಲೆ ಹದಿನಾಲ್ಕು ಎಂದು ಬರೆದೆ. ಬರೆದದ್ದನ್ನು ಒಮ್ಮೆಯೂ ಹೊಡೆದು ಹಾಕಲಿಲ್ಲ ಅಕ್ಕಾ. ಹೊಡೆದು ಹಾಕಿದ್ದರೆ ಈಗ ಹೇಳಿಕೊಳ್ಳಲು ಒಂದು ಮಾತಾದರೂ ಇರುತ್ತಿತ್ತು. ನೀನು ಹೇಗೂ ಮೊಲೆ ಎಣಿಸುತ್ತೀಯೆ, ಎಣಿಸಿ ಮುಖಕ್ಕೆ ಹೊಡೆದ ಹಾಗೆ ಬರೆಯುತ್ತೀಯೆ, ಆಗ ಜಗಳ ಆಡಿಕೊಂಡು ಹಗುರಾಗೋಣ ಎಂದು ಒಂದು ಮನಸ್ಸು ಹೇಳುತ್ತಿತ್ತು. ನೀನು ಎಣಿಸಲಿಲ್ಲ. ನನ್ನನ್ನು ನಂಬಿದೆ.

ಫೆಬ್ರುವರಿಯಲ್ಲಿ ನಿನಗೆ ನಿಜ ಬರೆದಿದ್ದೆ. ಬೆಳಿಗ್ಗೆ ಎದ್ದು ಓದಿದೆ, ಮಡಿಚಿ ಪೆಟ್ಟಿಗೆಯಲ್ಲಿಟ್ಟೆ, ಕೂತು ಇನ್ನೊಂದು ಬರೆದೆ. ಅದಕ್ಕೆ ನಿನ್ನ ಸೊಸೆಯ ಬಗ್ಗೆ ಆ ಸಾಲು ಸೇರಿಸಿದೆ. ಅವಳನ್ನು ನಾನು ನೋಡಿಯೂ ಇಲ್ಲ. ನನ್ನ ಮೇಲೆ ಬರುವುದನ್ನು ಯಾರ ಮೇಲಾದರೂ ಹಾಕಬೇಕಿತ್ತು, ಅವಳು ಸಿಕ್ಕಳು. ನೀನು ಅದನ್ನು ಅವಳಿಗೆ ಓದಿ ಹೇಳುತ್ತೀಯೆ ಎಂದು ನಾನು ಎಣಿಸಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದೂ ಸುಳ್ಳು. ನೀನು ಓದುತ್ತೀಯೆ ಎಂದು ಗೊತ್ತಿತ್ತು.

ಸಾಹೇಬನನ್ನು ತೆಗೆದುಹಾಕು. ಅವನ ಮರಿಗಳನ್ನು ಯಾವುದನ್ನೂ ತಳಿಗೆ ಇಟ್ಟುಕೊಳ್ಳಬೇಡ. ಈ ಕಾಗದವನ್ನು ಅವಳಿಗೆ ತೋರಿಸು, ಅವಳ ತಾಯಿಗೂ ತೋರಿಸು. ಈ ಸಲ ಮಡಿಚಿಡುವುದಿಲ್ಲ. ಅಂಚೆ ಡಬ್ಬಿಯ ಮುಂದೆ ನಿಂತೇ ಕೊನೆಯ ಸಾಲು ಬರೆಯುತ್ತಿದ್ದೇನೆ.

ಪುಟ್ಟಿ

ಏಪ್ರಿಲ್ ೧೯

ಪುಟ್ಟೀ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಬೈದು ಬರೆಯೋಣ ಎಂದು ಮೂರು ಸಲ ಕೂತೆ. ಬೈಗುಳ ಬಂದವು, ಅದಕ್ಕೇನು ಬರ. ಆದರೆ ಬರೆದದ್ದನ್ನು ಓದಿದರೆ ಎಲ್ಲವೂ ನನಗೇ ಬರೆದ ಹಾಗೆ ಕಾಣುತ್ತಿತ್ತು.

ನಾನು ನಿನ್ನನ್ನು ನಂಬಿದೆ ಎಂದು ಬರೆದಿದ್ದೀಯೆ. ಸೆಪ್ಟೆಂಬರಿನಲ್ಲಿ ನಂಬಿದ್ದು ನಿಜ. ನೀನು ಬರೆದಿದ್ದರಿಂದ ಎಣಿಸಲೇ ಇಲ್ಲ, ಮೂವತ್ತು ವರ್ಷದಲ್ಲಿ ಎಣಿಸದೆ ಒಳಗೆ ಬಿಟ್ಟುಕೊಂಡ ಗಂಡು ಅದೊಂದೇ. ಮಾರ್ಚಿನದು ಕೇಳು. ಸೊಸೆಯ ಆಟೋ ತಿರುವಿನಲ್ಲಿ ಮರೆಯಾದ ಮೇಲೆ ನಾನು ನೆಟ್ಟಗೆ ಸಾಹೇಬನ ಅಂಕಣಕ್ಕೆ ಹೋದೆ. ತೊಟ್ಟಿಗೆ ಮೇವು ಸುರಿದು, ಅವನು ತಿನ್ನುವಾಗ ಬಗ್ಗಿ ಎಣಿಸಿದೆ. ಹದಿಮೂರು. ಬಲಗಡೆ ಮೂರನೆಯ ಜಾಗ ಬೋಳು. ಅವಳು ಇನ್ನೂ ಬಸ್ ನಿಲ್ದಾಣ ತಲುಪಿರಲಿಲ್ಲ. ಮಗನನ್ನು ಕಳಿಸಿದ್ದರೆ ಹತ್ತು ನಿಮಿಷದಲ್ಲಿ ಕರೆದು ತರುತ್ತಿದ್ದ.

ಕಳಿಸಲಿಲ್ಲ. ಸಾಹೇಬನನ್ನು ಹೆಣ್ಣುಗಳಿಂದ ಆವತ್ತೇ ಬೇರೆ ಮಾಡಿದೆ, ಕಟುಕನಿಗೆ ಹೇಳಿಕಳಿಸಿದೆ. ಎರಡು ದಿನ ಬಿಟ್ಟು ನಿನಗೆ ಆ ಕಾಗದ ಬರೆದೆ. ನಿನ್ನ ಮೇಲೆ ನಂಬಿಕೆ ಎಂದು ಬರೆಯುವಾಗ ನನಗೆ ಎಲ್ಲ ಗೊತ್ತಿತ್ತು. ಮರಿಗಳನ್ನು ಅವನಿಗೇ ಬಿಡುತ್ತೇನೆ ಎಂದದ್ದೂ ಬೇಕೆಂದೇ. ನೀನಾಗಿ ಹೇಳುತ್ತೀಯೋ ಇಲ್ಲವೋ ನೋಡಬೇಕಿತ್ತು. ಹೇಳಿದರೆ ನನಗೆ ತಂಗಿ ಇದ್ದಾಳೆ, ಹೇಳದಿದ್ದರೆ ಇಲ್ಲ, ಇಷ್ಟೇ ನನ್ನ ಲೆಕ್ಕ. ನೀನು ಹೇಳಿದೆ. ಓದಿ ನನಗೆ ಅಳು ಬಂತು, ಸಮಾಧಾನದ ಅಳು. ಆ ಸಮಾಧಾನ ಒಂದು ಮಧ್ಯಾಹ್ನ ಇತ್ತು.

ಮಾರನೆಯ ದಿನ ಸೊಸೆಯ ತವರಿಗೆ ಹೋದೆ. ಅವರದು ಮೆಟ್ಟಿಲ ಕೆಳಗಿನ ಒಂದು ಕೋಣೆ. ಅವಳು ಬಾಗಿಲ ಹತ್ತಿರವೇ ಯಂತ್ರ ಹಾಕಿಕೊಂಡು ಯಾರದೋ ಸಮವಸ್ತ್ರ ಹೊಲಿಯುತ್ತಿದ್ದಳು. ನಿನ್ನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ, ಅವಳ ತಾಯಿಗೂ ಕೇಳಲಿ ಎಂದು. ಆ ತಾಯಿ ಕಣ್ಣೊರೆಸಿಕೊಂಡು ಕಾಫಿ ಮಾಡಲು ಎದ್ದಳು. ಸೊಸೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಅವಳು ಆವತ್ತೇ ಬರುತ್ತಿದ್ದಳೇನೋ, ತಪ್ಪೆಲ್ಲ ನಿನ್ನ ತಲೆಗೆ ಹೋಗುತ್ತಿತ್ತು. ಆದರೆ ಅವಳು ಒಂದು ಪ್ರಶ್ನೆ ಕೇಳಿದಳು. ನಾನು ಹೇಳಿದ ಮೇಲೆ ನೀವು ಎಣಿಸಿ ನೋಡಲಿಲ್ಲವಾ ಅತ್ತೆ ಎಂದಳು. ಎಣಿಸಿದೆ ಎಂದೆ. ಯಾವಾಗ ಎಂದಳು. ಹೇಳಿದೆ. ಎಲ್ಲವನ್ನೂ ಹೇಳಿದೆ, ನಿನಗೆ ಬರೆದ ಕಾಗದದ ಸಂಗತಿಯನ್ನೂ ಹೇಳಿದೆ.

ಅವಳು ಬಟ್ಟೆಯ ಮಡಿಕೆ ಸರಿಮಾಡಿದಳು. ಆಮೇಲೆ ಮೆಲ್ಲಗೆ ಅಂದಳು, "ಚಿಕ್ಕತ್ತೆ ಸುಳ್ಳು ಬರೆದ್ರು, ಹೆದರಿಕೊಂಡು ಬರೆದ್ರು, ಅದು ನಂಗೆ ಅರ್ಥ ಆಗುತ್ತೆ. ನೀವು ನಿಜ ಗೊತ್ತಿದ್ದೂ ನನ್ನ ಇಲ್ಲೇ ಬಿಟ್ರಿ. ನಿಮ್ಮ ತಂಗೀನ ತೂಗೋಕೆ ನನ್ನ ತಕ್ಕಡಿ ಕಲ್ಲು ಮಾಡ್ಕೊಂಡ್ರಾ?"

ಕಾಫಿ ಬಂತು, ಕುಡಿದೆ, ಎದ್ದು ಬಂದೆ. ಬರುತ್ತೇನೆ ಎಂದೂ ಅವಳು ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಮಗ ಈಗ ಅಲ್ಲೇ ಇದ್ದಾನೆ. ಬೆಳಿಗ್ಗೆ ಬಂದು ಹಂದಿಗಳಿಗೆ ಮೇವು ಹಾಕಿ, ಅಂಕಣ ತೊಳೆದು, ಸಂಜೆಯ ಬಸ್ಸಿಗೆ ಅವಳ ಹತ್ತಿರ ಹೋಗುತ್ತಾನೆ.

ನೀನು ತಪ್ಪಾಯಿತು ಎಂದು ಇನ್ನೊಂದು ಕಾಗದ ಬರೆಯಬೇಡ. ನಿನ್ನದನ್ನು ನಾನು ಕ್ಷಮಿಸಿ ಆಯಿತು, ಹಾಗೆ ಕ್ಷಮಿಸುವುದಕ್ಕೆ ಅವಳ ಇಪ್ಪತ್ತು ದಿನ ಖರ್ಚು ಮಾಡಿದೆ. ನನ್ನದನ್ನು ನೀನು ಕ್ಷಮಿಸಿದರೆ ಪ್ರಯೋಜನವಿಲ್ಲ, ನೀನು ಯಾರು ಕ್ಷಮಿಸಲು. ನಾನು ಮಂಗಳವಾರ ಮತ್ತೆ ಅಲ್ಲಿಗೆ ಹೋಗುತ್ತೇನೆ. ಅವಳು ಕೇಳಿದ್ದಕ್ಕೆ ಹೌದು ಎನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಮಾತಿಲ್ಲ. ಅಷ್ಟನ್ನಾದರೂ ಹೇಳಿ ಬರುತ್ತೇನೆ.

ನಿನ್ನ ಅಕ್ಕ